ಯಂತ್ರಕ್ಕೆ ಯಾವ ದಾರಿ: ನೇರ ಮೊಬೈಲ್ ಜಾಲವೋ, ಸ್ಥಿರ ಬ್ರಾಡ್‌ಬ್ಯಾಂಡೋ, ಎರಡನ್ನೂ ಬೆಸೆಯುವುದೋ?

ನೀರಿನ ಮೀಟರ್, ಲಿಫ್ಟಿನ ಅಲಾರಂ, ಕಾರ್ಡ್ ಉಜ್ಜುವ ಯಂತ್ರ, ಸಿಸಿಟಿವಿ ಕ್ಯಾಮೆರಾ. ನಾಲ್ಕಕ್ಕೂ ಸಂಪರ್ಕ ಬೇಕು. ಆದರೆ ನಾಲ್ಕಕ್ಕೂ ಒಂದೇ ಬಗೆಯ ಸಂಪರ್ಕ ಕೊಟ್ಟರೆ ಒಂದರ ಬ್ಯಾಟರಿ ಬರಿದಾಗುತ್ತದೆ, ಇನ್ನೊಂದು ಬೇಕಾದ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಆಯ್ಕೆಗೆ ಕೂತವರು ಸಾಮಾನ್ಯವಾಗಿ ಮೊದಲು ನೋಡುವುದು ವೇಗವನ್ನು, ಆಮೇಲೆ ಮಾಡ್ಯೂಲಿನ (ಸಾಧನದೊಳಗೆ ಕೂತು ಜಾಲದ ಜತೆ ಮಾತಾಡುವ ರೇಡಿಯೋ ಭಾಗದ) ಬೆಲೆಯನ್ನು. ಅದಕ್ಕೂ ಮುಂಚೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಸಾಧನ ತಾನಾಗಿ ಎದ್ದು ಮಾತಾಡುತ್ತದೋ, ಹೊರಗಿನಿಂದ ಯಾರಾದರೂ ಎಬ್ಬಿಸಬೇಕೋ? ಎಬ್ಬಿಸಬೇಕಾದರೆ ಎಷ್ಟು ಹೊತ್ತಿನೊಳಗೆ? ಅದಕ್ಕೆ ಕರೆಂಟ್ ಎಲ್ಲಿಂದ? ನಡುವೆ ಬರುವ ತಂತಿ ಯಾರದು? ವೇಗದ ಪ್ರಶ್ನೆ ಬಹಳ ಸಲ ಈ ಉತ್ತರಗಳಲ್ಲೇ ಕರಗಿಹೋಗುತ್ತದೆ.

ಜಾಲದಲ್ಲಿ ಏನು ಬದಲಾಗಿದೆ

ಮೊಬೈಲ್ ಜಾಲವನ್ನು ಕಟ್ಟಿದ್ದು ಜನರಿಗಾಗಿ. ಜನ ಬೇರೆ ಬೇರೆ ಹೊತ್ತಿಗೆ ಫೋನ್ ತೆಗೆಯುತ್ತಾರೆ. ಯಂತ್ರಗಳು ಗಡಿಯಾರ ನೋಡಿಕೊಂಡು ಕೆಲಸ ಮಾಡುತ್ತವೆ: ರಾತ್ರಿ 12 ಹೊಡೆದ ಕೂಡಲೇ ಸಾವಿರಾರು ಮೀಟರುಗಳು ಒಟ್ಟಿಗೆ ಬಾಗಿಲು ಬಡಿಯುತ್ತವೆ. ಎಲ್‌ಟಿಇ (4ಜಿ) ಸೆಲ್ಲಿನಲ್ಲಿ, ಅಂದರೆ ಟವರಿನ ಒಂದು ಆಂಟೆನಾ ತಲುಪುವ ಪ್ರದೇಶದಲ್ಲಿ, ಮೊದಲ ಕರೆಗೆ ಬಳಸುವ ಸಂಕೇತಗಳು ಇರುವುದೇ 64. ಎರಡು ಸಾಧನಗಳು ಒಂದೇ ಗಳಿಗೆಯಲ್ಲಿ ಒಂದೇ ಸಂಕೇತ ಹಿಡಿದರೆ ಡಿಕ್ಕಿ, ಮತ್ತೆ ಪ್ರಯತ್ನ, ಮತ್ತೆ ಡಿಕ್ಕಿ. ಮೊಬೈಲ್ ಜಾಲದ ಮಾನದಂಡ ರೂಪಿಸುವ 3ಜಿಪಿಪಿ ಸಂಸ್ಥೆ ಈ ಸಮಸ್ಯೆಯನ್ನು ಅಳೆಯಲು ಇಟ್ಟುಕೊಂಡ ಒಂದು ಮಾದರಿಯಲ್ಲಿ ಒಂದು ಸೆಲ್ಲಿನ 30,000 ಸಾಧನಗಳು 10 ಸೆಕೆಂಡಿನೊಳಗೆ ನುಗ್ಗುತ್ತವೆ.

ಪರಿಹಾರ ಹಂತಹಂತವಾಗಿ, 3ಜಿಪಿಪಿ ಮಾನದಂಡದ ಒಂದೊಂದು ಆವೃತ್ತಿಯಲ್ಲಿ ('ರಿಲೀಸ್') ಬಂತು. ರಿಲೀಸ್ 10ರಲ್ಲಿ ಸಾಧನ ತನ್ನನ್ನು 'ಕಡಿಮೆ ಆದ್ಯತೆ' ಎಂದು ಗುರುತಿಸಿಕೊಳ್ಳುವ ಸೌಲಭ್ಯ ಮತ್ತು ದಟ್ಟಣೆಯಾದಾಗ ಜಾಲ ಅದಕ್ಕೆ 'ಇಷ್ಟು ಹೊತ್ತು ಬಿಟ್ಟು ಬಾ' ಎನ್ನುವ ವ್ಯವಸ್ಥೆ. ರಿಲೀಸ್ 11ರಲ್ಲಿ ಸಿಮ್ಮಿನ ಐಎಂಎಸ್‌ಐ ಸಂಖ್ಯೆಯ ಕೊನೆಯ ಅಂಕಿಯ ಲೆಕ್ಕದಲ್ಲಿ ಗುಂಪುಗುಂಪಾಗಿ ತಡೆಯುವ ವಿಧಾನ, ಫೋನ್ ನಂಬರಿಲ್ಲದೆಯೂ ಸಾಧನವನ್ನು ಗುರುತಿಸುವ ಹೊರ ಐಡಿ, ಸರ್ವರಿನಿಂದ ಸಾಧನವನ್ನು ಎಬ್ಬಿಸುವ ದಾರಿ. ಸ್ಥಿರ ಬ್ರಾಡ್‌ಬ್ಯಾಂಡ್ ಜಾಲದ ಜತೆ ಬೆಸೆಯುವ ನಿಯಮಗಳು ಬಂದದ್ದೂ ಇದೇ ರಿಲೀಸಿನಲ್ಲಿ. ರಿಲೀಸ್ 12 ಗಾಢ ನಿದ್ದೆಯ ಸ್ಥಿತಿಯಾದ ಪಿಎಸ್‌ಎಂ ತಂದಿತು. ರಿಲೀಸ್ 13 ಯಂತ್ರಗಳಿಗೆಂದೇ ಮಾಡಿದ ಎರಡು ಬಗೆಯ ಸಂಪರ್ಕಗಳಾದ ಎನ್‌ಬಿ-ಐಒಟಿ, ಎಲ್‌ಟಿಇ-ಎಂ ಮತ್ತು ಆಗಾಗ ಕಣ್ಣು ತೆರೆಯುವ ನಿದ್ದೆಯಾದ ಇಡಿಆರ್‌ಎಕ್ಸ್ ತಂದಿತು.

ಈ ಪಟ್ಟಿಯನ್ನು ಮಾಡ್ಯೂಲಿನ ಕೈಪಿಡಿಯ ಜತೆ ಮಾತ್ರ ಹೋಲಿಸಿ ಸುಮ್ಮನಾಗಬೇಡಿ. ಮಾಡ್ಯೂಲಿನಲ್ಲಿ ಇರುವ ಸೌಲಭ್ಯ ಆಪರೇಟರಿನ ಜಾಲದಲ್ಲಿ ತೆರೆದಿರಬೇಕು, ನಿಮ್ಮ ಸಿಮ್ಮಿನ ಪ್ಲಾನಿನಲ್ಲೂ ತೆರೆದಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಸಾಧನ ಬಿಟ್ಟೂಬಿಡದೆ ಎಚ್ಚರವಾಗಿಯೇ ಇರುತ್ತದೆ, ಅದು ಗೊತ್ತಾಗುವುದು ಬ್ಯಾಟರಿ ಸತ್ತ ಮೇಲೆ.

ಜಾಲ ಎಷ್ಟೇ ಸುಧಾರಿಸಿದರೂ ನಿಮ್ಮ ಕಡೆಯ ಶಿಸ್ತು ನಿಮ್ಮದೇ. ವರದಿಯ ಹೊತ್ತನ್ನು ಸಾಧನದ ಸೀರಿಯಲ್ ನಂಬರಿನಿಂದ ಲೆಕ್ಕ ಹಾಕಿ ಹರಡಿ: 10,000 ಮೀಟರುಗಳನ್ನು 4 ಗಂಟೆಗೆ ಹರಡಿದರೆ ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ಬೀಳುತ್ತದೆ. ಹೋದ ಕರೆಂಟ್ ವಾಪಸ್ ಬಂದಾಗಲೂ ಇದೇ ಗಲಾಟೆ, ಏಕೆಂದರೆ ಎಲ್ಲವೂ ಒಂದೇ ಕ್ಷಣದಲ್ಲಿ ಎದ್ದೇಳುತ್ತವೆ. ಆನ್ ಆದ ಮೇಲೆ 0ರಿಂದ 15 ನಿಮಿಷದ ನಡುವೆ ಯಾದೃಚ್ಛಿಕವಾಗಿ ಕಾಯುವ ನಾಲ್ಕು ಸಾಲು ಕೋಡ್ ಇಡೀ ಬಡಾವಣೆಯ ಜಾಲವನ್ನು ಉಳಿಸುತ್ತದೆ.

ನೇರ ಮೊಬೈಲ್ ಜಾಲ: ನಾಲ್ಕು ಬಗೆ

ಎನ್‌ಬಿ-ಐಒಟಿ ಬಳಸುವುದು ಕೇವಲ 180 ಕಿಲೋಹರ್ಟ್ಸ್. ಸಿಗ್ನಲ್ 164 ಡಿಬಿ (ಡೆಸಿಬೆಲ್) ಸೊರಗಿದರೂ ಸಂಪರ್ಕ ಹಿಡಿಯುವಂತೆ ಇದನ್ನು ರೂಪಿಸಿದ್ದಾರೆ, ಹಳೆಯ ಜಿಎಸ್‌ಎಂಗಿಂತ 20 ಡಿಬಿ ಹೆಚ್ಚು. ನೆಲಮಾಳಿಗೆ, ಚೇಂಬರಿನ ಕಬ್ಬಿಣದ ಮುಚ್ಚಳದ ಕೆಳಗೆ ಕೂತ ಮೀಟರಿಗೆ ಇದೇ ಆಧಾರ. ವೇಗ ಮೊದಲ ತಲೆಮಾರಿನಲ್ಲಿ ಗರಿಷ್ಠ 26 ಕೆಬಿಪಿಎಸ್ ಇಳಿಕೆ (ಜಾಲದಿಂದ ಸಾಧನಕ್ಕೆ), 66 ಕೆಬಿಪಿಎಸ್ ಏರಿಕೆ (ಸಾಧನದಿಂದ ಜಾಲಕ್ಕೆ). ರಿಲೀಸ್ 14ರ ಎನ್‌ಬಿ2ನಲ್ಲಿ ನೂರು ದಾಟುತ್ತದೆ. ಒಂದು ಟವರಿನಿಂದ ಇನ್ನೊಂದಕ್ಕೆ ಮಾತಿನ ನಡುವೆ ದಾಟುವ ಹ್ಯಾಂಡೋವರ್ ಇದರಲ್ಲಿಲ್ಲ. ಹಾಗಾಗಿ ಚಲಿಸುವ ವಸ್ತುವಿಗೆ ಬೇಡ.

ಎಲ್‌ಟಿಇ-ಎಂ 1.4 ಮೆಗಾಹರ್ಟ್ಸ್ ಬಳಸುತ್ತದೆ, 1 ಎಂಬಿಪಿಎಸ್ ತನಕ ಹೋಗುತ್ತದೆ, ಹ್ಯಾಂಡೋವರ್ ಇದೆ, ಧ್ವನಿಯೂ ಸಾಧ್ಯ. ವ್ಯಾಪ್ತಿಯಲ್ಲಿ ಎನ್‌ಬಿ-ಐಒಟಿಗಿಂತ ಎಂಟು ಡಿಬಿಯಷ್ಟು ಹಿಂದೆ. ವಾಹನದ ಟ್ರ್ಯಾಕರ್, ಲಿಫ್ಟಿನ ತುರ್ತು ಕರೆ, ಮೈಮೇಲೆ ಧರಿಸುವ ಆರೋಗ್ಯ ಸಾಧನ ಇದರ ಪಾಲಿಗೆ. ಎರಡರ ನಡುವೆ ತೂಗುತ್ತಿದ್ದರೆ ಫರ್ಮ್‌ವೇರ್ ಅಪ್‌ಡೇಟಿನ ಲೆಕ್ಕ ಹಾಕಿ. 300 ಕಿಲೋಬೈಟಿನ ಫೈಲು ಎಲ್‌ಟಿಇ-ಎಂನಲ್ಲಿ 300 ಕೆಬಿಪಿಎಸ್ ಸಿಕ್ಕರೂ 8 ಸೆಕೆಂಡ್. ಎನ್‌ಬಿ-ಐಒಟಿ ಅತಿ ದುರ್ಬಲ ಸಿಗ್ನಲಿನಲ್ಲಿ 300 ಬಿಪಿಎಸ್‌ಗೆ ಇಳಿದರೆ 2 ಗಂಟೆ 13 ನಿಮಿಷ, ಅದೂ ಒಂದು ಪ್ಯಾಕೆಟ್ಟೂ ಕಳೆಯದಿದ್ದರೆ. ಸುರಕ್ಷತೆಗಾಗಿ ವರ್ಷಕ್ಕೆ ಎರಡು ಸಲ ಅಪ್‌ಡೇಟ್ ಮಾಡಬೇಕಾದ ಸಾಧನಕ್ಕೆ ಎನ್‌ಬಿ-ಐಒಟಿ ಆರಿಸುವುದಾದರೆ, ಬದಲಾದ ಭಾಗ ಮಾತ್ರ ಕಳಿಸುವ ವ್ಯವಸ್ಥೆ ಮೊದಲ ದಿನದಿಂದಲೇ ಇರಲಿ.

ಕ್ಯಾಟ್-1 ಬಿಸ್ ಒಂದೇ ಆಂಟೆನಾದ ಸಾಮಾನ್ಯ ಎಲ್‌ಟಿಇ: 10 ಎಂಬಿಪಿಎಸ್ ಇಳಿಕೆ, 5 ಏರಿಕೆ. ಎಲ್‌ಟಿಇ ಇರುವಲ್ಲೆಲ್ಲ ನಡೆಯುತ್ತದೆ, ಆಪರೇಟರ್ ವಿಶೇಷವಾಗಿ ಏನನ್ನೂ ತೆರೆಯಬೇಕಾಗಿಲ್ಲ. ಗಡಿ ದಾಟುವ ಸಾಧನಗಳಿಗೆ ಈ ಒಂದು ಗುಣವೇ ಸಾಕು. ಪ್ಲಗ್ಗಿನಿಂದ ಕರೆಂಟ್ ಸಿಗುವ ಯಾವ ಸಾಧನಕ್ಕೂ, ಅದು ತೀರಾ ನೆಲದಡಿ ಇಲ್ಲದಿದ್ದರೆ, ನಮ್ಮ ಮೊದಲ ಸಲಹೆ ಇದೇ. ರೆಡ್‌ಕ್ಯಾಪ್ ರಿಲೀಸ್ 17ರ ಸರಳಗೊಳಿಸಿದ 5ಜಿ, 20 ಮೆಗಾಹರ್ಟ್ಸ್. ಕ್ಯಾಮೆರಾ, ಕಾರ್ಖಾನೆಯ ನಿಯಂತ್ರಣಕ್ಕೆ ಸರಿ. ಅದಕ್ಕೆ ಸ್ವತಂತ್ರ 5ಜಿ ಕೋರ್ (ಟವರುಗಳ ಹಿಂದಿನ ಕೇಂದ್ರ ಜಾಲ) ಬೇಕು, ಎಲ್‌ಟಿಇ ಮೇಲೆ ಹತ್ತಿ ಕೂತ 5ಜಿಯಲ್ಲಿ ನಡೆಯುವುದಿಲ್ಲ.

ಬ್ಯಾಟರಿಯ ಲೆಕ್ಕ

'ಹತ್ತು ವರ್ಷದ ಬ್ಯಾಟರಿ' ಎನ್ನುವ ಮಾತು ಹುಟ್ಟಿದ್ದು 5 ವಾಟ್-ಅವರ್ ಕೋಶದ ಗುರಿಯಿಂದ. 3.6 ವೋಲ್ಟಿಗೆ ಅದು ಸುಮಾರು 1,390 ಎಂಎಎಚ್. ಹತ್ತು ವರ್ಷ ಅಂದರೆ 87,600 ಗಂಟೆ. ಭಾಗಿಸಿದರೆ ಸರಾಸರಿ 16 ಮೈಕ್ರೋಆಂಪ್ ಕೈಗೆ ಬರುತ್ತದೆ. ನಿದ್ದೆಯಲ್ಲಿ ಮಾಡ್ಯೂಲ್, ಸೆನ್ಸರ್ ಸೇರಿ 5 ಮೈಕ್ರೋಆಂಪ್ ಎಂದಿಟ್ಟುಕೊಳ್ಳಿ. ಉಳಿದ 11ರಲ್ಲಿ ದಿನಕ್ಕೆ ಸಿಗುವುದು 0.95 ಕೂಲಂಬ್ (ಆಂಪ್-ಸೆಕೆಂಡ್). 23 ಡಿಬಿಎಂ ಪ್ರಸಾರ ಶಕ್ತಿಯಲ್ಲಿ ಕಳಿಸುವಾಗ 220 ಮಿಲಿಆಂಪ್ ಎಳೆದರೆ, ದಿನಕ್ಕೆ ನಾಲ್ಕು ಸೆಕೆಂಡಿಗೆ ತುಸು ಹೆಚ್ಚು ಪ್ರಸಾರ. ಇಷ್ಟೇ ಬಂಡವಾಳ.

ಈಗ ಸಿಗ್ನಲ್ ಕೆಟ್ಟ ಜಾಗ. ಎನ್‌ಬಿ-ಐಒಟಿ ಅಷ್ಟು ಆಳಕ್ಕೆ ಇಳಿಯುವುದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿ. ಏರಿಕೆಯಲ್ಲಿ 128 ಸಲದ ತನಕ. ರಿಲೀಸ್ 13ರಲ್ಲಿ ಒಂದು ಕಂತಿನಲ್ಲಿ ಹೋಗುವುದು ಗರಿಷ್ಠ 1,000 ಬಿಟ್. 15 ಕಿಲೋಹರ್ಟ್ಸಿನ ಒಂಟಿ ಸ್ವರದಲ್ಲಿ 8 ಮಿಲಿಸೆಕೆಂಡಿನ ಹತ್ತು ಘಟಕ ಬೇಕಾದರೆ, 128 ಪುನರಾವರ್ತನೆಗೆ 10.24 ಸೆಕೆಂಡ್. 200 ಬೈಟಿನ ವರದಿಗೆ ಇಂಥ ಎರಡು ಕಂತು, ಅಂದರೆ 20 ಸೆಕೆಂಡ್. ಒಂದೇ ವರದಿ ನಾಲ್ಕೂವರೆ ದಿನದ ಪಾಲನ್ನು ತಿಂದುಹಾಕಿತು. ದಿನಕ್ಕೊಂದು ವರದಿ ಕಳಿಸಿದರೆ, ಹತ್ತು ವರ್ಷ ಎಂದು ಹೊರಟದ್ದು ಮೂರು ವರ್ಷವೂ ಬಾಳುವುದಿಲ್ಲ. ಇಂಥಲ್ಲಿ ಆಂಟೆನಾವನ್ನು ಮುಚ್ಚಳದ ಮೇಲಕ್ಕೆ ತಂದು 10 ಡಿಬಿ ಗಳಿಸುವುದು ಯಾವ ಸಾಫ್ಟ್‌ವೇರ್ ಜಾಣ್ಮೆಗಿಂತಲೂ ಹೆಚ್ಚು ಬಾಳಿಕೆ ಕೊಡುತ್ತದೆ.

ಕೋಶವೂ ಮುಖ್ಯ. ಲಿಥಿಯಂ ಥಯೋನಿಲ್ ಕ್ಲೋರೈಡ್ ಕೋಶ ವರ್ಷಗಟ್ಟಲೆ ಕಾಯುತ್ತದೆ, ಆದರೆ ತಿಂಗಳುಗಟ್ಟಲೆ ಸುಮ್ಮನಿದ್ದ ಮೇಲೆ ಒಮ್ಮೆಗೇ 200 ಮಿಲಿಆಂಪ್ ಕೇಳಿದರೆ ಒಳಗೆ ಕಟ್ಟಿದ ಪದರದಿಂದಾಗಿ ವೋಲ್ಟೇಜ್ ಕುಸಿದು ಮಾಡ್ಯೂಲ್ ರೀಸೆಟ್ ಆಗುತ್ತದೆ. ಎದ್ದು ಮತ್ತೆ ಜಾಲ ಹುಡುಕುತ್ತದೆ, ಮತ್ತೆ ಕುಸಿಯುತ್ತದೆ. ಪಕ್ಕದಲ್ಲಿ ಸೂಪರ್ ಕೆಪಾಸಿಟರ್ ಕೂರಿಸಿದರೆ ಈ ಕಾಟ ತಪ್ಪುತ್ತದೆ.

ನಿದ್ದೆಯ ಎರಡು ಬಗೆ

ಪಿಎಸ್‌ಎಂನಲ್ಲಿ ಸಾಧನ ಜಾಲದಲ್ಲಿ ನೋಂದಣಿ ಉಳಿಸಿಕೊಂಡೇ ಪೂರ್ತಿ ಮಲಗುತ್ತದೆ. ಅದು ತಾನಾಗಿ ಏಳುವ ತನಕ ಯಾರೂ ಎಬ್ಬಿಸಲಾರರು. ಇಡಿಆರ್‌ಎಕ್ಸ್‌ನಲ್ಲಿ ನಿಗದಿತ ಅಂತರಕ್ಕೊಮ್ಮೆ ಕಣ್ಣು ತೆರೆದು ಕರೆ ಇದೆಯೇ ಎಂದು ನೋಡುತ್ತದೆ: ಎಲ್‌ಟಿಇ-ಎಂನಲ್ಲಿ ಆ ಅಂತರ ಗರಿಷ್ಠ 43 ನಿಮಿಷ 41 ಸೆಕೆಂಡ್, ಎನ್‌ಬಿ-ಐಒಟಿಯಲ್ಲಿ 2 ಗಂಟೆ 55 ನಿಮಿಷದ ಹತ್ತಿರ. ವರದಿ ಮಾತ್ರ ಕಳಿಸುವ ಮೀಟರಿಗೆ ಪಿಎಸ್‌ಎಂ. ದೂರದಿಂದ ಮುಚ್ಚಬೇಕಾದ ಅನಿಲ ವಾಲ್ವಿಗೆ ಇಡಿಆರ್‌ಎಕ್ಸ್, ಅದರ ಅಂತರ ನೀವು ಒಪ್ಪುವ ವಿಳಂಬಕ್ಕಿಂತ ಕಡಿಮೆ.

ಪಿಎಸ್‌ಎಂ ಹಾಕುವಾಗ ಪದೇಪದೇ ಆಗುವ ತಪ್ಪೊಂದಿದೆ. ಮಾಡ್ಯೂಲಿಗೆ ಕೊಡುವ ಎಟಿ+ಸಿಪಿಎಸ್‌ಎಂಎಸ್ ಆದೇಶಕ್ಕೆ ಎಂಟೆಂಟು ಬಿಟ್ಟಿನ ಎರಡು ಮೌಲ್ಯ ಕೊಡಬೇಕು: ನಾಲ್ಕನೆಯ ಸ್ಥಾನದಲ್ಲಿ ಜಾಲಕ್ಕೆ ಹಾಜರಿ ಹಾಕುವ ಅವಧಿ (ಟಿ3412), ಐದನೆಯದರಲ್ಲಿ ಮಲಗುವ ಮುನ್ನ ಎಚ್ಚರವಿರುವ ಅವಧಿ (ಟಿ3324). ಮೊದಲ ಮೂರು ಬಿಟ್ ಅಳತೆಯ ಮಾನ, ಉಳಿದ ಐದು ಸಂಖ್ಯೆ. ಆದರೆ ಒಂದೇ ಮಾನ ಎರಡರಲ್ಲಿ ಬೇರೆ ಅರ್ಥ ಕೊಡುತ್ತದೆ. 00100110 ಎಂದರೆ ಟಿ3412ರಲ್ಲಿ 6 ಗಂಟೆ, ಟಿ3324ರಲ್ಲಿ 6 ನಿಮಿಷ. 00000101 ಎಂದರೆ ಮೊದಲನೆಯದರಲ್ಲಿ 50 ನಿಮಿಷ, ಎರಡನೆಯದರಲ್ಲಿ 10 ಸೆಕೆಂಡ್. ದಿನಕ್ಕೊಮ್ಮೆ ವರದಿ ಮಾಡುವ ಮೀಟರಿಗೆ 00111110 (30 ಗಂಟೆ) ಮತ್ತು 00000101 (10 ಸೆಕೆಂಡ್) ಹೊಂದುತ್ತದೆ. ಹಾಜರಿಯ ಅವಧಿ ವರದಿಯ ಅಂತರಕ್ಕಿಂತ ದೊಡ್ಡದಾಗಿರುವುದರಿಂದ ಪ್ರತಿ ವರದಿಯೂ ಗಡಿಯಾರವನ್ನು ಹೊಸದಾಗಿ ಶುರುಮಾಡುತ್ತದೆ, ಹಾಜರಿಗೆಂದೇ ಬೇರೆ ಏಳುವ ಖರ್ಚಿಲ್ಲ.

ನೀವು ಕೇಳಿದ್ದನ್ನು ಜಾಲ ಕೊಟ್ಟೇಬಿಡುತ್ತದೆ ಎಂದು ನಂಬಬೇಡಿ. ಎಟಿ+ಸಿಇಆರ್‌ಇಜಿ=4 ಹಾಕಿ, ನಿಜಕ್ಕೂ ಕೊಟ್ಟ ಮೌಲ್ಯ ಏನೆಂದು ಓದಿ, ಪ್ರತಿ ಆಪರೇಟರಿನಲ್ಲೂ, ರೋಮಿಂಗಿನಲ್ಲೂ. ಡೇಟಾ ಮುಗಿದ ಮೇಲೂ ಜಾಲ ಹತ್ತಿಪ್ಪತ್ತು ಸೆಕೆಂಡ್ ಸಂಪರ್ಕ ಹಿಡಿದಿಟ್ಟುಕೊಳ್ಳುವುದುಂಟು. 'ಇನ್ನೇನೂ ಬಾಕಿ ಇಲ್ಲ' ಎಂದು ಮುಂಚೆಯೇ ಹೇಳುವ ಆರ್‌ಎಐ ಸೂಚನೆ ಬೆಂಬಲವಿದ್ದರೆ ಖಂಡಿತ ಬಳಸಿ.

ಸ್ಥಿರ ಬ್ರಾಡ್‌ಬ್ಯಾಂಡಿನ ಹಿಂದೆ ಗೇಟ್‌ವೇ

ಒಂದೇ ಕಟ್ಟಡದಲ್ಲಿ ಇಪ್ಪತ್ತು, ಮೂವತ್ತು ಸೆನ್ಸರುಗಳಿದ್ದರೆ ಪ್ರತಿಯೊಂದಕ್ಕೂ ಸಿಮ್ ಹಾಕುವ ಬದಲು, ಹತ್ತಿರದ ರೇಡಿಯೋದಿಂದ ಒಂದು ಗೇಟ್‌ವೇಗೆ ತಂದು, ಅಲ್ಲಿಂದ ಫೈಬರ್ ಅಥವಾ ಡಿಎಸ್‌ಎಲ್ ಮೂಲಕ ಕಳಿಸುವುದು ಅಗ್ಗ. ವೇಗಕ್ಕೆ ಕೊರತೆಯಿಲ್ಲ, ನೆಲಮಾಳಿಗೆಯ ಸಿಗ್ನಲಿನ ಚಿಂತೆಯೂ ಇಲ್ಲ. ಕೈಕೊಡುವುದು ಬೇರೆ ಮೂರು ಕಡೆ.

ಮೊದಲನೆಯದು ಕರೆಂಟ್. ಕರೆಂಟ್ ಹೋದಾಗ ಸೆನ್ಸರ್ ಬದುಕಿರುತ್ತದೆ, ರೌಟರ್ ಮತ್ತು ಫೈಬರ್ ಬಂದು ಸೇರುವ ಪೆಟ್ಟಿಗೆಯಾದ ಓಎನ್‌ಟಿ ಸಾಯುತ್ತವೆ. ಗೇಟ್‌ವೇಗೆ ಮಾತ್ರ ಬ್ಯಾಟರಿ ಕೊಟ್ಟು ಓಎನ್‌ಟಿಯನ್ನು ಮರೆಯುವುದು ತೀರಾ ಸಾಮಾನ್ಯ. ಎರಡನೆಯದು ಮಾಲೀಕತ್ವ: ತಂತಿ ಮನೆಯವರದಾಗಿದ್ದರೆ, ಅವರು ವೈ-ಫೈ ಪಾಸ್‌ವರ್ಡ್ ಬದಲಿಸಿದ ದಿನ ನಿಮ್ಮ ಸಾಧನ ಮೂಕವಾಗುತ್ತದೆ. ಸಾಧ್ಯವಿದ್ದಲ್ಲಿ ಈಥರ್ನೆಟ್ ಎಳೆಯಿರಿ. ಮೂರನೆಯದು ನ್ಯಾಟ್, ಅಂದರೆ ಒಳಗಿನ ಹಲವು ಸಾಧನಗಳಿಗೆ ಹೊರಗೆ ಒಂದೇ ವಿಳಾಸ ತೋರಿಸುವ ರೌಟರಿನ ಕೆಲಸ. ಹೊರಗಿನಿಂದ ಒಳಗೆ ಬರುವ ದಾರಿಯನ್ನು ರೌಟರ್ ಸ್ವಲ್ಪ ಹೊತ್ತು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಯುಡಿಪಿ ಬಗೆಯ ಪ್ಯಾಕೆಟ್ಟುಗಳಿಗೆ ಕನಿಷ್ಠ 2 ನಿಮಿಷ ಇರಬೇಕೆಂದು ಇಂಟರ್ನೆಟ್ಟಿನ ನಿಯಮ ಪತ್ರ ಆರ್‌ಎಫ್‌ಸಿ 4787 ಹೇಳುತ್ತದೆ, ಮನೆಬಳಕೆಯ ರೌಟರುಗಳು ಅದಕ್ಕಿಂತ ಬೇಗ ಮರೆಯುವುದೂ ಇದೆ. ಪ್ಲಗ್ಗಿಗೆ ಸಿಕ್ಕಿಸಿದ ಗೇಟ್‌ವೇ ಆಗಾಗ ಒಂದು ಪ್ಯಾಕೆಟ್ ಕಳಿಸಿ ದಾರಿ ತೆರೆದಿಡಬಹುದು. ಬ್ಯಾಟರಿಯ ಸಾಧನ ಹಾಗೆ ಮಾಡಲಾಗದು. ಅದಕ್ಕೆ, ಯುಡಿಪಿ ಸಂದೇಶಗಳನ್ನು ಗುಪ್ತವಾಗಿ ಕಳಿಸುವ ಡಿಟಿಎಲ್‌ಎಸ್‌ನ ಕನೆಕ್ಷನ್ ಐಡಿ (ಆರ್‌ಎಫ್‌ಸಿ 9146) ಒಳ್ಳೆಯದು, ವಿಳಾಸ ಬದಲಾದರೂ ಹಳೆಯ ಸೆಷನ್ ಮುಂದುವರಿಯುತ್ತದೆ.

ತಂತಿ ಕಡಿದಾಗ ಮೊಬೈಲಿಗೆ ಬದಲಾಗುವ ವ್ಯವಸ್ಥೆ ಇಡುವುದಾದರೆ, ಪಕ್ಕದ ರೌಟರ್ ಉತ್ತರ ಕೊಡುತ್ತಿದೆಯೇ ಎಂದು ನೋಡಿದರೆ ಪ್ರಯೋಜನವಿಲ್ಲ. ಕಡಿದದ್ದು ರೌಟರಿನ ಆಚೆ, ರೌಟರ್ ಮಾತ್ರ ಖುಷಿಯಾಗಿ ಉತ್ತರ ಕೊಡುತ್ತಲೇ ಇರುತ್ತದೆ. ನಿಮ್ಮ ಸರ್ವರನ್ನೇ 10 ಸೆಕೆಂಡಿಗೊಮ್ಮೆ ತಟ್ಟಿ, ಮೂರು ಸಲ ತಪ್ಪಿದರೆ ಮೊಬೈಲಿಗೆ ಹೋಗಿ. ತಂತಿ ಸರಿಯಾದ ಮೇಲೂ 5 ನಿಮಿಷ ನೋಡಿಯೇ ವಾಪಸ್ ಬನ್ನಿ, ಇಲ್ಲದಿದ್ದರೆ ಎರಡರ ನಡುವೆ ಉಯ್ಯಾಲೆ ಶುರುವಾಗುತ್ತದೆ. ಮೊಬೈಲಿನಲ್ಲಿರುವಾಗ ಫರ್ಮ್‌ವೇರ್ ಇಳಿಸುವುದನ್ನು ಫೈರ್‌ವಾಲಿನಲ್ಲೇ ತಡೆಯಿರಿ. ಬದಲಾದ ಕ್ಷಣದಲ್ಲಿ ಐಪಿ ವಿಳಾಸವೂ ಬದಲಾಗುತ್ತದೆ ಎಂಬುದು ನೆನಪಿರಲಿ: ಸ್ಥಿರ ಐಪಿಯನ್ನು ನಂಬಿ ಒಳಬರುವ ಯಾವುದೂ ಆಗ ನಡೆಯುವುದಿಲ್ಲ.

ತಂತಿಯ ಮೇಲೆ ಮೊಬೈಲ್ ಕೋರ್

ಮೂರನೆಯ ಆಯ್ಕೆಯಲ್ಲಿ ಸಾಧನ ಸ್ಥಿರ ಬ್ರಾಡ್‌ಬ್ಯಾಂಡ್ ಮೂಲಕವೇ ಹೋಗುತ್ತದೆ, ಆದರೆ ಸೇರುವುದು ಮೊಬೈಲ್ ಆಪರೇಟರಿನ ಕೋರ್ ಜಾಲಕ್ಕೆ. ಸಿಮ್ಮಿನ ಗುರುತು, ಖಾಸಗಿ ಐಪಿ, ಬಿಲ್ಲು, ನೀತಿ ಎಲ್ಲವೂ ಒಂದೇ ಕಡೆ. ಎಲ್‌ಟಿಇಯಲ್ಲಿ ಇದಕ್ಕೆ ಇಪಿಡಿಜಿ ಎಂಬ ಹೆಬ್ಬಾಗಿಲು, 5ಜಿಯಲ್ಲಿ ಎನ್3ಐಡಬ್ಲ್ಯುಎಫ್. ಸಾಧನ ಇಂಟರ್ನೆಟ್ಟಿನ ಮೇಲೆ ಐಪಿಸೆಕ್ ಎಂಬ ಗುಪ್ತ ಸುರಂಗ ಕಟ್ಟಿ, ಸಿಮ್ಮಿನ ಕೀಲಿಯಿಂದ ತನ್ನ ಗುರುತು ತೋರಿಸುತ್ತದೆ. ರೌಟರಿನಲ್ಲಿ ಯುಡಿಪಿ ಪೋರ್ಟ್ 500 ಮತ್ತು 4500 ತೆರೆದಿರಬೇಕು.

ಇಲ್ಲಿ ಕಾಡುವ ದೋಷಕ್ಕೆ ಒಂದು ಸ್ಪಷ್ಟ ಲಕ್ಷಣವಿದೆ: ಪಿಂಗ್ ಹೋಗುತ್ತದೆ, ಲಾಗಿನ್ ಆಗುವುದಿಲ್ಲ. ಸಣ್ಣ ಪ್ಯಾಕೆಟ್ ದಾಟುತ್ತದೆ, ಟಿಎಲ್‌ಎಸ್ ಪ್ರಮಾಣಪತ್ರ ಹೊತ್ತ ದೊಡ್ಡ ಪ್ಯಾಕೆಟ್ ನಡುವೆ ಎಲ್ಲೋ ಬಿದ್ದುಹೋಗುತ್ತದೆ. ಒಂದು ಪ್ಯಾಕೆಟ್ಟಿನ 1,500 ಬೈಟಿನಲ್ಲಿ ಬ್ರಾಡ್‌ಬ್ಯಾಂಡ್ ಲಾಗಿನ್ನಿಗೆ ಬಳಸುವ ಪಿಪಿಪಿಒಇ 8 ತಿನ್ನುತ್ತದೆ, ಐಪಿಸೆಕ್ ಮತ್ತು ಅದರ ಯುಡಿಪಿ ಹೊದಿಕೆ ಇನ್ನಷ್ಟು ತಿನ್ನುತ್ತವೆ. ಸುರಂಗದ ಒಳಗಿನ ಎಂಟಿಯುವನ್ನು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 3ಜಿಪಿಪಿ ಸೂಚಿಸುವ 1,358ಕ್ಕೆ ಇಳಿಸಿ, ಟಿಸಿಪಿಯ ಎಂಎಸ್‌ಎಸ್ ಅನ್ನೂ (ಪ್ಯಾಕೆಟ್ಟಿನೊಳಗಿನ ಡೇಟಾದ ಗರಿಷ್ಠ ಗಾತ್ರ) ಅದಕ್ಕೆ ತಕ್ಕಂತೆ ಕತ್ತರಿಸಿ. ಇನ್ನೊಂದು ಮಾತು: ನ್ಯಾಟ್ ದಾರಿ ತೆರೆದಿಡಲು ಐಪಿಸೆಕ್ ಸಾಮಾನ್ಯವಾಗಿ 20 ಸೆಕೆಂಡಿಗೊಮ್ಮೆ ಪ್ಯಾಕೆಟ್ ಕಳಿಸುತ್ತದೆ, ದಿನಕ್ಕೆ 4,320. ಬ್ಯಾಟರಿಯ ಸಾಧನಕ್ಕೆ ಈ ಆಯ್ಕೆ ಅಲ್ಲಿಗೇ ಮುಗಿಯಿತು.

ಗುಣಮಟ್ಟದ ಪ್ರಶ್ನೆ ಇನ್ನೂ ಸೂಕ್ಷ್ಮ. ಎಲ್ಲವೂ ಸುರಂಗದೊಳಗೆ ಗುಪ್ತವಾಗಿರುವುದರಿಂದ ಬ್ರಾಡ್‌ಬ್ಯಾಂಡ್ ಕಂಪನಿಯ ಕಣ್ಣಿಗೆ ತುರ್ತು ಅಲಾರಮ್ಮೂ ವಿಡಿಯೋವೂ ಒಂದೇ. ಹೊರ ಹೊದಿಕೆಯ ಮೇಲೆ ಆದ್ಯತೆ ಸೂಚಿಸುವ ಡಿಎಸ್‌ಸಿಪಿ ಗುರುತು ಹಾಕಬಹುದು, ಆದರೆ ಸಾರ್ವಜನಿಕ ಇಂಟರ್ನೆಟ್ ದಾಟುವಾಗ ಅದು ಅಳಿಸಿಹೋಗಬಹುದು. ಇದಕ್ಕೆಂದೇ ರಿಲೀಸ್ 11ರಲ್ಲಿ ಮೊಬೈಲ್ ಕಡೆಯ ನೀತಿ ಸರ್ವರ್, ಬ್ರಾಡ್‌ಬ್ಯಾಂಡ್ ಕಡೆಯ ನೀತಿ ಸರ್ವರಿಗೆ 'ಈ ಹೊರ ವಿಳಾಸ, ಈ ಪೋರ್ಟ್, ಇಷ್ಟು ಜಾಗ ಕೊಡು' ಎಂದು ಹೇಳುವ ಎಸ್9ಎ ಎಂಬ ಕೊಂಡಿ ರೂಪಿಸಿದರು. ನ್ಯಾಟಿನ ಹಿಂದೆ ಹತ್ತಾರು ಸಾಧನಗಳು ಒಂದೇ ವಿಳಾಸ ಹಂಚಿಕೊಳ್ಳುವುದರಿಂದ ಪೋರ್ಟ್ ಸಂಖ್ಯೆಯೂ ಬೇಕಾಯಿತು. ಎರಡೂ ಜಾಲ ಒಂದೇ ಕಂಪನಿಯದ್ದಾಗಿದ್ದರೆ ಅಥವಾ ಅವುಗಳ ನಡುವೆ ಒಪ್ಪಂದವಿದ್ದರೆ ಮಾತ್ರ ಇದಕ್ಕೆ ಅರ್ಥ. ಇಲ್ಲದಿದ್ದರೆ ಗುಣಮಟ್ಟದ ಭರವಸೆ ಇಲ್ಲ ಎಂದೇ ಲೆಕ್ಕ ಹಾಕಿ.

ರಿಲೀಸ್ 16 ಇನ್ನೊಂದು ಹೆಜ್ಜೆ ಇಟ್ಟಿತು: ಸ್ಥಿರ ತಂತಿಯೇ 5ಜಿ ಕೋರಿಗೆ ಇನ್ನೊಂದು ಪ್ರವೇಶದ್ವಾರವಾಯಿತು. 5ಜಿ ಭಾಷೆ ಬಲ್ಲ ಹೊಸ ರೌಟರ್ ಕೋರಿನ ಜತೆ ತಾನೇ ಮಾತಾಡುತ್ತದೆ. ಹಳೆಯ ರೌಟರಿನ ಪರವಾಗಿ ನಡುವಿನ ಗೇಟ್‌ವೇ ಮಾತಾಡುತ್ತದೆ. ಅದೇ ರಿಲೀಸಿನ ಎಟಿಎಸ್‌ಎಸ್‌ಎಸ್ ತಂತಿ ಮತ್ತು ರೇಡಿಯೋ ಎರಡನ್ನೂ ಒಟ್ಟಿಗೆ ಹಿಡಿದು ಸಂಚಾರ ಹಂಚುತ್ತದೆ, ಆಗ ತಂತಿ ಕಡಿದರೂ ಐಪಿ ಬದಲಾಗುವುದಿಲ್ಲ. ಕಾರ್ಡ್ ಯಂತ್ರ, ನಿಯಂತ್ರಣ ಕೊಠಡಿಯಂಥ ಕಡೆ ಇದು ಬಹಳ ಬೆಲೆಬಾಳುವ ಗುಣ. ನಿಮ್ಮ ಆಪರೇಟರ್ ಕೊಡುತ್ತಾರೆಯೇ ಎಂದು ಕೇಳಿ. ಕೊಡದಿದ್ದರೆ, ವಿಳಾಸ ಬದಲಾದರೂ ಸುರಂಗ ಉಳಿಸುವ ಮೋಬೈಕ್ ಬೆಂಬಲಿಸುವ ಐಪಿಸೆಕ್ ವಿಪಿಎನ್ ಇಟ್ಟು ಅದರ ಹತ್ತಿರಕ್ಕೆ ಬರಬಹುದು.

ಕಟ್ಟಡದೊಳಗೆ ಸಿಗ್ನಲೇ ಇಲ್ಲ ಎಂದಾಗ ಬ್ರಾಡ್‌ಬ್ಯಾಂಡಿಗೆ ಸಿಕ್ಕಿಸುವ ಸಣ್ಣ ಸೆಲ್ಲನ್ನೂ ಕೆಲವರು ಯೋಚಿಸುತ್ತಾರೆ. ಅದಕ್ಕೆ ನಿಖರ ಗಡಿಯಾರ ಬೇಕು: ದೊಡ್ಡ ಟವರಿಗೆ ಆವರ್ತನದ ತಪ್ಪು 50 ಪಿಪಿಬಿ (ನೂರು ಕೋಟಿಯಲ್ಲಿ 50 ಪಾಲು) ಒಳಗಿರಬೇಕು, ಮನೆಯ ಸೆಲ್ಲಿಗೆ 250ರ ತನಕ ಸಡಿಲಿಕೆ ಇದೆ. ಕೊಳ್ಳುವ ಮುನ್ನ ಅದರಲ್ಲಿ ಎನ್‌ಬಿ-ಐಒಟಿ ಅಥವಾ ಎಲ್‌ಟಿಇ-ಎಂ ಇದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಫೋನಿಗೆ ಐದು ಕಡ್ಡಿ ತೋರಿಸುವ ಸೆಲ್ ನಿಮ್ಮ ಮೀಟರಿಗೆ ಕಾಣದೇ ಇರಬಹುದು.

ಆರ್ಡರ್ ಕೊಡುವ ಮುನ್ನ

ಹತ್ತು ಸಾಧನಗಳನ್ನು ನಿಜವಾದ ಜಾಗದಲ್ಲಿ, ಮುಚ್ಚಳ ಮುಚ್ಚಿ, ಕನಿಷ್ಠ 7 ದಿನ ಇಡಿ. ಅತಿ ಕೆಟ್ಟ ಜಾಗಗಳನ್ನು ಹುಡುಕಿ ಇಡಿ, ಒಳ್ಳೆಯ ಜಾಗ ಏನನ್ನೂ ಕಲಿಸುವುದಿಲ್ಲ. ಪ್ರತಿ ವರದಿಯ ಜತೆ ಆರ್‌ಎಸ್‌ಆರ್‌ಪಿ (ಸಿಗ್ನಲಿನ ಬಲ), ಎಸ್‌ಐಎನ್‌ಆರ್ (ಗದ್ದಲದ ಎದುರು ಸಿಗ್ನಲ್ ಎಷ್ಟು), ವ್ಯಾಪ್ತಿಯ ಮಟ್ಟ (0, 1 ಅಥವಾ 2, ಎರಡು ಅತಿ ದುರ್ಬಲ), ಕಳಿಸಲು ಹಿಡಿದ ಸೆಕೆಂಡ್ ದಾಖಲಿಸಿ. ಮಟ್ಟ 2ರಲ್ಲಿ ಕೂತವುಗಳಿಗೆ ಆಂಟೆನಾ ಬದಲಿಸಿ ಮತ್ತೆ ಅಳೆಯಿರಿ. ಬ್ರಾಡ್‌ಬ್ಯಾಂಡ್ ಇರುವ ಕಡೆ ಮೂರು ಕೆಲಸ: ರೌಟರಿನ ಆಚೆಯ ಕೇಬಲ್ ಕಿತ್ತು ಎಷ್ಟು ಸೆಕೆಂಡಿಗೆ ಮೊಬೈಲಿಗೆ ಬದಲಾಯಿತೆಂದು ನೋಡಿ, ಕಟ್ಟಡದ ಮೇನ್ ಸ್ವಿಚ್ ಆರಿಸಿ ಕೊನೆಯ ಅಲಾರಂ ಹೊರಗೆ ಹೋಯಿತೇ ನೋಡಿ, ಸಾಧನವನ್ನು ಒಂದು ಗಂಟೆ ಸುಮ್ಮನೆ ಬಿಟ್ಟು ಸರ್ವರಿನಿಂದ ಒಂದು ಆದೇಶ ಕಳಿಸಿ. ನ್ಯಾಟ್ ಮರೆತಿದ್ದರೆ ಆ ಆದೇಶ ತಲುಪುವುದಿಲ್ಲ, ಸರ್ವರಿನ ಪರದೆಯಲ್ಲಿ ಮಾತ್ರ ಸಾಧನ ಇನ್ನೂ ಹಸಿರು ಬಣ್ಣದಲ್ಲೇ ಕಾಣುತ್ತಿರುತ್ತದೆ.